ಗಣಕದ ಮನೆಯಲ್ಲಿ ಕಸ ಗುಡಿಸುವವರು ಯಾರು?

1992ರ ನವೆಂಬರ್ 4. ಲಂಡನ್ ನಗರದಲ್ಲಿ ರಾತ್ರಿ ಎರಡು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ನಗರದ ಆಂಬುಲೆನ್ಸ್ ಸೇವೆಯ ನಿಯಂತ್ರಣ ಕೊಠಡಿಯಲ್ಲಿದ್ದ ಕಂಪ್ಯೂಟರ್ ವ್ಯವಸ್ಥೆ ಮೊದಲು ನಿಧಾನವಾಯಿತು; ನೋಡನೋಡುತ್ತಿದ್ದಂತೆ ಪೂರ್ತಿ ನಿಂತೇ ಹೋಯಿತು. ಆಪತ್ತಿನಲ್ಲಿರುವವರ ಕರೆಗಳ ವಿವರ ದಾಖಲಾಗುತ್ತಿದ್ದುದು ಆ ಯಂತ್ರದಲ್ಲೇ. ಸಿಬ್ಬಂದಿ ಆರಿಸಿ ಮತ್ತೆ ಹಚ್ಚಿ ನೋಡಿದರು, ಫಲವಾಗಲಿಲ್ಲ. ಇಂಥ ವೇಳೆಗೆಂದೇ ಇಟ್ಟಿದ್ದ ಬದಲಿ ವ್ಯವಸ್ಥೆಯೂ ಕೈಕೊಟ್ಟಿತು. ಕೊನೆಗೆ ಧ್ವನಿಮುದ್ರಿತವಾಗಿದ್ದ ಕರೆಗಳನ್ನು ಮತ್ತೆ ಕೇಳಿಸಿಕೊಂಡು, ಕಾಗದ ಪೆನ್ನು ಹಿಡಿದು, ಹಳೆಯ ಪದ್ಧತಿಯಲ್ಲೇ ವಾಹನಗಳನ್ನು ಕಳುಹಿಸಬೇಕಾಯಿತು.

ಕಾರಣವೇನೆಂದು ವಿಚಾರಣೆ ನಡೆಯಿತು. 1993ರ ಫೆಬ್ರವರಿಯಲ್ಲಿ ಪ್ರಕಟವಾದ ವರದಿ ಹೇಳಿದ ಕಾರಣ ಬಹಳ ಸಣ್ಣದು. ಪ್ರತಿ ಸಲ ಒಂದು ವಾಹನವನ್ನು ಕಳುಹಿಸಿದಾಗಲೂ ಪ್ರೋಗ್ರಾಮಿನ ಒಂದು ತುಣುಕು ಕಂಪ್ಯೂಟರಿನ ಮೆಮೊರಿಯಲ್ಲಿ ಚಿಟಿಕೆಯಷ್ಟು ಜಾಗವನ್ನು ಪಡೆಯುತ್ತಿತ್ತು. ಕೆಲಸ ಮುಗಿದ ಮೇಲೆ ಆ ಜಾಗವನ್ನು ಹಿಂದಿರುಗಿಸುತ್ತಿರಲಿಲ್ಲ. ಮೂರು ವಾರ ಹೀಗೇ ನಡೆದು ಮೆಮೊರಿಯೆಲ್ಲ ಭರ್ತಿಯಾಯಿತು. ಹನಿ ಹನಿಗೂಡಿದರೆ ಹಳ್ಳ ಎನ್ನುವ ಗಾದೆ ಇಲ್ಲಿ ತಲೆಕೆಳಗಾಗಿ ನಿಜವಾಯಿತು: ಹನಿ ಹನಿಯಾಗಿ ಸೋರಿ ಹಳ್ಳವೇ ಬತ್ತಿತು!

ಕಂಪ್ಯೂಟರ್ ಪಂಡಿತರು ಇದನ್ನು 'ಮೆಮೊರಿ ಸೋರಿಕೆ' ಎನ್ನುತ್ತಾರೆ. ಈ ಸೋರಿಕೆಯನ್ನು ತಡೆಯಲು ಕಂಡುಹಿಡಿದ ಉಪಾಯಕ್ಕೆ ಬಹಳ ಸರಳವಾದ ಹೆಸರಿದೆ: ಗಾರ್ಬೇಜ್ ಕಲೆಕ್ಷನ್, ಅಂದರೆ ಕಸ ಸಂಗ್ರಹ. ಇಂದು ಪೈಥಾನ್ ಅಥವಾ ಜಾವಾ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಅರಿವಿಲ್ಲದೆಯೇ ಇದರ ಉಪಕಾರ ಪಡೆಯುತ್ತಾನೆ. ಹಾಗಾದರೆ ಕಂಪ್ಯೂಟರಿನ ಕಸವೆಂದರೇನು? ಅದನ್ನು ಗುಡಿಸುವವರು ಯಾರು?

ತಟ್ಟೆಗಳ ಸಾಲು ಮತ್ತು ರಾಶಿ

ಪ್ರೋಗ್ರಾಮ್ ಒಂದು ಕೆಲಸ ಮಾಡುವಾಗ ಅದಕ್ಕೆ ಬರೆದಿಟ್ಟುಕೊಳ್ಳಲು ಜಾಗ ಬೇಕು. ಈ ಜಾಗವೇ ಮೆಮೊರಿ. ಅದನ್ನು ಒಂದೇ ಅಳತೆಯ ಕೋಣೆಗಳಿರುವ ಉದ್ದನೆಯ ಛತ್ರವೆಂದು ಭಾವಿಸಬಹುದು. ಪ್ರತಿ ಕೋಣೆಗೂ ಒಂದು ಸಂಖ್ಯೆ. ಅದೇ ಅದರ ವಿಳಾಸ.

ಕೋಣೆಗಳನ್ನು ಬಳಸುವ ಕ್ರಮ ಎರಡು ಬಗೆ. ಮೊದಲನೆಯದು 'ಸ್ಟ್ಯಾಕ್'. ಅಡುಗೆಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುವಂತೆ ಇದು. ಕೊನೆಯಲ್ಲಿ ಇಟ್ಟದ್ದನ್ನು ಮೊದಲು ತೆಗೆಯಬೇಕು. ಒಂದು ಸಣ್ಣ ಲೆಕ್ಕ ಮುಗಿದೊಡನೆ ಅದರ ಕೋಣೆಗಳು ತಾವಾಗಿಯೇ ಖಾಲಿಯಾಗುತ್ತವೆ. ಇಲ್ಲಿ ಕಸದ ಚಿಂತೆಯಿಲ್ಲ. ಎರಡನೆಯದು 'ಹೀಪ್', ಅಂದರೆ ರಾಶಿ. ಎಷ್ಟು ಹೊತ್ತು ಬೇಕಾದೀತೆಂದು ಮೊದಲೇ ಹೇಳಲಾಗದ ಮಾಹಿತಿಯನ್ನೆಲ್ಲ ಇಲ್ಲಿ ಇಡುತ್ತಾರೆ. ಕೋಣೆ ಬೇಕೆಂದು ಕೇಳಿದಾಗ ಸಿಗುತ್ತದೆ. ಆದರೆ ಬಿಟ್ಟುಕೊಡುವವರು ಯಾರು, ಯಾವಾಗ? ಎಲ್ಲ ತೊಡಕೂ ಇಲ್ಲಿಂದಲೇ ಆರಂಭ.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ 'ಸಿ' ಭಾಷೆಯಲ್ಲಿ ಈ ಹೊಣೆ ಪೂರ್ತಿ ಪ್ರೋಗ್ರಾಮ್ ಬರೆಯುವವನದೇ. ಕೋಣೆ ಪಡೆಯಲು ಒಂದು ಆಜ್ಞೆ, ಬಿಟ್ಟುಕೊಡಲು ಇನ್ನೊಂದು. ಬಿಟ್ಟುಕೊಡಲು ಮರೆತರೆ ಲಂಡನ್ನಿನ ಕಥೆ. ಅವಸರದಿಂದ ಬೇಗನೆ ಬಿಟ್ಟುಕೊಟ್ಟರೆ ಅದು ಇನ್ನೂ ಕೆಟ್ಟದ್ದು. ಛತ್ರದ ಕೋಣೆಯನ್ನು ಒಬ್ಬರು ತೆರವು ಮಾಡಿದ್ದಾರೆ, ಅಲ್ಲಿಗೆ ಬೇರೆ ಸಂಸಾರ ಬಂದಿದೆ. ಹಳಬರು ಮಾತ್ರ ತಮ್ಮ ಹತ್ತಿರವೇ ಉಳಿದ ಕೀಲಿಕೈಯಿಂದ ಬಾಗಿಲು ತೆಗೆದು ಒಳಗೆ ನುಗ್ಗಿದರೆ ಹೇಗಿದ್ದೀತು? ಇಂಥ ಹಳೆಯ ಕೀಲಿಕೈಗಳೇ ಕಂಪ್ಯೂಟರ್ ಕಳ್ಳರಿಗೆ ದಾರಿಯಾಗುತ್ತವೆ. ತಮ್ಮ ತಂತ್ರಾಂಶಗಳಲ್ಲಿ ಪತ್ತೆಯಾಗಿ ಸರಿಪಡಿಸಿದ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಯನ್ನು ತಪ್ಪಾಗಿ ಬಳಸಿದ್ದರಿಂದ ಆದವೆಂದು ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತಿಳಿಸಿತು. ಕ್ರೋಮ್ ಬ್ರೌಸರನ್ನು ಸಿದ್ಧಪಡಿಸುವವರು 2020ರಲ್ಲಿ ತಮ್ಮ ಗಂಭೀರ ದೋಷಗಳ ಬಗೆಗೂ ಹೆಚ್ಚುಕಡಿಮೆ ಇದೇ ಅಂಕಿಯನ್ನು ಹೇಳಿದರು.

ಕೂಡಿಸುವ ಚಿಹ್ನೆ, ಕಳೆಯುವ ಚಿಹ್ನೆ

ಈ ಹೊಣೆಯನ್ನು ಮನುಷ್ಯನ ಹೆಗಲಿನಿಂದ ಇಳಿಸಿ ಯಂತ್ರಕ್ಕೇ ಒಪ್ಪಿಸಬಹುದೆಂದು ಮೊದಲು ತೋರಿಸಿದವರು ಜಾನ್ ಮೆಕಾರ್ಥಿ (1927–2011). 'ಕೃತಕ ಬುದ್ಧಿಮತ್ತೆ' ಎಂಬ ಹೆಸರನ್ನು ಚಲಾವಣೆಗೆ ತಂದವರೂ ಇವರೇ. 1958ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಇವರು 'ಲಿಸ್ಪ್' ಎಂಬ ಹೊಸ ಭಾಷೆಯನ್ನು ಕಟ್ಟುತ್ತಿದ್ದರು. ಇದ್ದ ಯಂತ್ರ ಐಬಿಎಂ 704. ಅದರ ಮೆಮೊರಿಯಲ್ಲಿ ಹೆಚ್ಚೆಂದರೆ 32,768 ಕೋಣೆಗಳು. ಒಂದೊಂದರಲ್ಲಿ 36 ಬಿಟ್‌ಗಳು. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸುತ್ತಿರಲಿಲ್ಲ! ಹೀಗಾಗಿ ಬಳಸಿ ಬಿಟ್ಟ ಕೋಣೆಗಳನ್ನು ಮತ್ತೆ ಬಳಸದೆ ಗತಿಯಿರಲಿಲ್ಲ.

ಪ್ರತಿ ಕೋಣೆಯನ್ನು ಎಷ್ಟು ಮಂದಿ ಬಳಸುತ್ತಿದ್ದಾರೆ ಎಂದು ಆ ಕೋಣೆಯಲ್ಲೇ ಎಣಿಸಿಡುವುದು ಒಂದು ದಾರಿ. ಆದರೆ ಲಿಸ್ಪ್‌ನ ಒಂದೊಂದು ಕೋಣೆಯಲ್ಲೂ ತಲಾ 15 ಬಿಟ್‌ಗಳ ಎರಡು ವಿಳಾಸಗಳಿರುತ್ತಿದ್ದವು. 36ರಲ್ಲಿ 30 ಕಳೆದರೆ ಉಳಿಯುವುದು ಆರೇ ಬಿಟ್. ಅವೂ ಎರಡು ಕಡೆ ಹಂಚಿಹೋಗಿದ್ದವು. ಎಣಿಕೆ ಬರೆಯಲು ತಕ್ಕ ಜಾಗವಿಲ್ಲ.

ಮೆಕಾರ್ಥಿ ಬೇರೆ ದಾರಿ ಹಿಡಿದರು. ಖಾಲಿ ಕೋಣೆಗಳಿರುವವರೆಗೆ ಸುಮ್ಮನೆ ಬಳಸುತ್ತಾ ಹೋಗುವುದು. ಕೋಣೆಗಳು ಮುಗಿದಾಗ ಮಾತ್ರ ಕೆಲಸ ನಿಲ್ಲಿಸಿ ಶೋಧಿಸುವುದು. ಪ್ರೋಗ್ರಾಮಿನ ಕೈಯಲ್ಲಿ ನೇರವಾಗಿ ಇರುವ ವಿಳಾಸಗಳಿಂದ ಹೊರಟು, ಅಲ್ಲಿಂದ ಮುಂದಿನ ವಿಳಾಸ, ಅಲ್ಲಿಂದ ಮತ್ತೊಂದು, ಹೀಗೆ ತಲುಪಲು ಸಾಧ್ಯವಿರುವ ಎಲ್ಲ ಕೋಣೆಗಳ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿ ಬದಲಿಸುವುದು. ಆಮೇಲೆ ಎಲ್ಲ ಕೋಣೆಗಳನ್ನೂ ಒಂದು ಕೊನೆಯಿಂದ ನೋಡುತ್ತಾ ಬರುವುದು. ಚಿಹ್ನೆ ಬದಲಾಗದ ಕೋಣೆ ಕಂಡರೆ ಅದು ಕಸ. ಖಾಲಿ ಪಟ್ಟಿಗೆ ಸೇರಿಸುವುದು. ಬದಲಾದ ಕೋಣೆಯ ಚಿಹ್ನೆಯನ್ನು ಮೊದಲಿನಂತೆ ಮಾಡಿ ಮುಂದೆ ಹೋಗುವುದು. ತೋಟದಲ್ಲಿ ಉಳಿಸಬೇಕಾದ ಮರಗಳಿಗೆ ಸುಣ್ಣದ ಪಟ್ಟೆ ಬಳಿದು, ಪಟ್ಟೆಯಿಲ್ಲದವನ್ನು ಕಡಿಸುವ ಕ್ರಮವೇ ಇದು. 1960ರ ಏಪ್ರಿಲ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಈ ವಿಧಾನದ ವಿವರಣೆಯಿದೆ. ಒಂದು ಸಲ ಗುಡಿಸಲು ಆ ಯಂತ್ರಕ್ಕೆ ಹಲವು ಸೆಕೆಂಡುಗಳೇ ಬೇಕಾಗುತ್ತಿದ್ದವು.

ಆಗಿನದೊಂದು ತಮಾಷೆಯ ಪ್ರಸಂಗವನ್ನು ಮೆಕಾರ್ಥಿಯವರೇ ಮುಂದೆ ಬರೆದಿದ್ದಾರೆ. ಉದ್ಯಮದ ಗಣ್ಯರ ಮುಂದೆ ಲಿಸ್ಪ್‌ನ ಪ್ರದರ್ಶನ ಏರ್ಪಟ್ಟಿತ್ತು. ಎಲ್ಲವೂ ಸರಿಯಾಗಿಯೇ ಸಾಗಿತ್ತು. ಇದ್ದಕ್ಕಿದ್ದಂತೆ ಯಂತ್ರದ ಬೆರಳಚ್ಚು ತಾನಾಗಿಯೇ ಟಕಟಕನೆ ಹೊಡೆಯತೊಡಗಿತು: ಕಸ ಸಂಗ್ರಾಹಕನನ್ನು ಕರೆಯಲಾಗಿದೆ, ಇಗೋ ಅದರ ಅಂಕಿ ಅಂಶಗಳು ಎಂದು! ಸೆಕೆಂಡಿಗೆ ಹತ್ತೇ ಅಕ್ಷರಗಳ ವೇಗ. ಈ ಕಸದ ವಿಷಯ ಸಭಿಕರಿಗೆ ಯಾರೂ ಹೇಳಿರಲಿಲ್ಲ. ಸಭೆಯೆಲ್ಲ ನಗೆಗಡಲಾಯಿತು, ಉಪನ್ಯಾಸ ನೀಡುತ್ತಿದ್ದವರೂ ನಕ್ಕರು. ಉಳಿದಿದ್ದ ಸಮಯವನ್ನೆಲ್ಲ ಆ ಸಂದೇಶವೇ ನುಂಗಿತು.

ಎಣಿಸುವವರ ದಾರಿ

ಅದೇ 1960ರ ಡಿಸೆಂಬರ್‌ನಲ್ಲಿ ಜಾರ್ಜ್ ಕಾಲಿನ್ಸ್ ಎಂಬುವರು ಎಣಿಕೆಯ ವಿಧಾನವನ್ನೇ ಪ್ರಕಟಿಸಿದರು. ಪ್ರತಿ ವಸ್ತುವಿನ ಜೊತೆ ಒಂದು ಸಂಖ್ಯೆ. ಹೊಸದಾಗಿ ಯಾರಾದರೂ ಅದರ ವಿಳಾಸ ಇಟ್ಟುಕೊಂಡರೆ ಒಂದು ಕೂಡಿಸುವುದು, ಬಿಟ್ಟರೆ ಒಂದು ಕಳೆಯುವುದು. ಸೊನ್ನೆಯಾದ ಕ್ಷಣವೇ ಜಾಗ ತೆರವು. ಎಲ್ಲರನ್ನೂ ನಿಲ್ಲಿಸಿ ಗುಡಿಸುವ ರಗಳೆಯಿಲ್ಲ. ಆದರೆ ಇದಕ್ಕೂ ಒಂದು ಕುಂದಿದೆ. ಅದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಮೇಲು. ವಿದ್ಯಾರ್ಥಿಗಳು ಒಂದು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಲಿ.

ಹಾಳೆಯ ಮೇಲೆ ಎಂಟು ಚೌಕಗಳನ್ನು ಬರೆದು 1ರಿಂದ 8ರವರೆಗೆ ಸಂಖ್ಯೆ ಕೊಡಿ. ಪಕ್ಕದಲ್ಲಿ 'ಬಾಗಿಲು' ಎಂದು ಬರೆಯಿರಿ. ಪ್ರೋಗ್ರಾಮ್ ಒಳಗೆ ಬರುವುದು ಇಲ್ಲಿಂದ. ಈಗ ಬಾಣಗಳನ್ನು ಎಳೆಯಿರಿ. ಬಾಗಿಲಿನಿಂದ 1ಕ್ಕೆ, 1ರಿಂದ 3ಕ್ಕೆ, 3ರಿಂದ 4ಕ್ಕೆ, 4ರಿಂದ ಮತ್ತೆ 1ಕ್ಕೆ. 2ರಿಂದ 5ಕ್ಕೆ. 6ರಿಂದ 7ಕ್ಕೆ, 7ರಿಂದ 6ಕ್ಕೆ. ಕೊನೆಗೆ 8ರಿಂದ 3ಕ್ಕೆ.

ಮೊದಲು ಮೆಕಾರ್ಥಿ ವಿಧಾನ. ಬಾಗಿಲಿನಿಂದ ಹೊರಟು ಬಾಣದ ದಿಕ್ಕಿನಲ್ಲೇ ನಡೆದರೆ ಸಿಗುವುದು 1, 3, 4 ಮಾತ್ರ. ಉಳಿದ ಐದೂ ಕಸ. 8ರಿಂದ 3ಕ್ಕೆ ಬಾಣವಿದ್ದರೂ 8 ಉಳಿಯದು. ದೊಡ್ಡ ಮನುಷ್ಯರ ವಿಳಾಸ ನಮ್ಮಲ್ಲಿದ್ದ ಮಾತ್ರಕ್ಕೆ ಆಗಲಿಲ್ಲ, ನಮ್ಮ ವಿಳಾಸ ಬೇಕಾದವರ ಹತ್ತಿರ ಇರಬೇಕು!

ಇನ್ನು ಕಾಲಿನ್ಸ್ ವಿಧಾನ. ಪ್ರತಿ ಚೌಕಕ್ಕೆ ಬರುವ ಬಾಣಗಳನ್ನು ಎಣಿಸಿ ಬರೆಯಿರಿ. 2 ಮತ್ತು 8ಕ್ಕೆ ಸೊನ್ನೆ, ಅವು ಹೋಗುತ್ತವೆ. 2 ಹೋದೊಡನೆ 5ರ ಎಣಿಕೆಯೂ ಸೊನ್ನೆಯಾಗಿ ಅದೂ ಹೋಗುತ್ತದೆ. 8 ಹೋದಾಗ 3ರ ಎಣಿಕೆ ಎರಡರಿಂದ ಒಂದಕ್ಕೆ ಇಳಿಯುತ್ತದೆ, ಅಷ್ಟೆ. ಆದರೆ 6 ಮತ್ತು 7? ಒಂದರ ಬಾಣ ಇನ್ನೊಂದಕ್ಕೆ. ಎರಡರ ಎಣಿಕೆಯೂ ಒಂದು, ಎಂದೂ ಸೊನ್ನೆಯಾಗದು. ಊರಿನಲ್ಲಿ ಯಾರಿಗೂ ಗುರುತಿಲ್ಲದ ಇಬ್ಬರು ಪರಸ್ಪರ ಜಾಮೀನು ನಿಂತಂತೆ! ಇದೇ ಎಣಿಕೆಯ ಕುಂದು. ಪ್ರಸಿದ್ಧ ಪೈಥಾನ್ ಮುಖ್ಯವಾಗಿ ಎಣಿಕೆಯ ವಿಧಾನವನ್ನೇ ಅನುಸರಿಸುತ್ತದೆ. ಇಂಥ ಜೋಡಿಗಳನ್ನು ಹಿಡಿಯಲೆಂದೇ 2000ದಲ್ಲಿ ಬಂದ ಅದರ 2.0 ಆವೃತ್ತಿಗೆ ಬೇರೊಬ್ಬ ಗುಡಿಸುವವನನ್ನೂ ಸೇರಿಸಿದರು.

ಗುಟ್ಟು ಬಲ್ಲವನು ಕಂಪೈಲರ್

ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ದುಭಾಷಿಗೆ ಕಂಪೈಲರ್ ಎಂದು ಹೆಸರು. ಅನುವಾದ ಮುಗಿದ ಮೇಲೆ ಅದರ ಕೆಲಸ ಮುಗಿಯಿತಲ್ಲ, ಕಸ ಗುಡಿಸುವುದಕ್ಕೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ಬಹಳ ಹತ್ತಿರದ್ದು.

ಗುಡಿಸುವವನು ಒಂದು ಕೋಣೆಯ ಒಳಗೆ ನೋಡಿದಾಗ ಕಾಣುವುದು ಬರಿಯ ಅಂಕೆ. 560001 ಎಂದಿದೆ ಎನ್ನೋಣ. ಅದು ಬೆಂಗಳೂರಿನ ಪಿನ್ ಕೋಡೋ, ಯಾರದೋ ಬ್ಯಾಂಕಿನ ಉಳಿತಾಯವೋ, ಅಥವಾ 560001ನೆಯ ಕೋಣೆಯ ವಿಳಾಸವೋ? ಅಂಕೆಯ ಮುಖ ನೋಡಿ ಹೇಳಲಾಗದು. ಆದರೆ ಕಂಪೈಲರ್‌ಗೆ ಇದು ಗೊತ್ತು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ಅರ್ಥಮಾಡಿಕೊಂಡದ್ದು ಅದೇ ತಾನೇ? ಹಾಗಾಗಿ ಅನುವಾದದ ಜೊತೆಗೇ ಒಂದು ನಕ್ಷೆಯನ್ನೂ ಅದು ಬರೆದಿಡುತ್ತದೆ: ಪ್ರೋಗ್ರಾಮ್ ಇಂಥ ಹಂತದಲ್ಲಿ ನಿಂತಾಗ ಸ್ಟ್ಯಾಕಿನ ಇಂಥಿಂಥ ಸ್ಥಾನಗಳಲ್ಲಿ ಇರುವುದು ವಿಳಾಸ, ಉಳಿದವು ಬರಿಯ ಸಂಖ್ಯೆ ಎಂದು. ಇದು ಕಂಪೈಲರ್ ಕೊಡುವ ಮೊದಲನೆಯ ನೆರವು.

ಎರಡನೆಯದು ನಿಲ್ದಾಣಗಳು. ಬಸ್ಸು ಕಂಡಕಂಡಲ್ಲಿ ನಿಲ್ಲದೆ ನಿಗದಿಯಾದ ನಿಲ್ದಾಣದಲ್ಲೇ ನಿಲ್ಲುವಂತೆ, ಪ್ರೋಗ್ರಾಮಿನ ನಡುನಡುವೆ ಸುರಕ್ಷಿತ ಜಾಗಗಳನ್ನು ಕಂಪೈಲರ್ ಗುರುತಿಸುತ್ತದೆ. ಗುಡಿಸುವ ಸಮಯ ಬಂತೇ ಎಂದು ಪ್ರೋಗ್ರಾಮ್ ಅಲ್ಲಿ ವಿಚಾರಿಸಿ ಮುಂದುವರಿಯುತ್ತದೆ. ಮೂರನೆಯದು, ಕಸವನ್ನೇ ಹುಟ್ಟಿಸದಿರುವುದು. ಒಂದು ವಸ್ತು ಸಣ್ಣ ಲೆಕ್ಕದ ಹೊರಗೆ ಎಂದೂ ಹೋಗದೆಂದು ಖಚಿತವಾದರೆ, ಅದನ್ನು ರಾಶಿಯ ಬದಲು ತಟ್ಟೆಗಳ ಸಾಲಿನಲ್ಲೇ ಇರಿಸಿಬಿಡುವ ಜಾಣತನ ಜಾವಾ, ಗೋ ಮೊದಲಾದ ಭಾಷೆಗಳ ಕಂಪೈಲರುಗಳಿಗಿದೆ.

ಕಂಪೈಲರಿನ ನೆರವೇ ಇಲ್ಲದಿದ್ದರೆ? 1988ರಲ್ಲಿ ಹಾನ್ಸ್ ಬೋಮ್ ಮತ್ತು ಮಾರ್ಕ್ ವೈಸರ್ ಸಿ ಭಾಷೆಗೆ ಹೊಂದುವ ಒಂದು ಉಪಾಯ ಪ್ರಕಟಿಸಿದರು. ಅಂಕೆಯೊಂದು ವಿಳಾಸದಂತೆ ಕಂಡರೆ ವಿಳಾಸವೆಂದೇ ತಿಳಿದು ಆ ಕೋಣೆಯನ್ನು ಉಳಿಸುವುದು. 'ಇರಲಿ ಬಿಡು, ಎಂದಾದರೂ ಬೇಕಾದೀತು' ಎಂದು ಅಟ್ಟದ ಮೇಲೆ ಸಾಮಾನು ಇಡುವ ಅಜ್ಜಿಯ ನೀತಿ! ಒಂದಷ್ಟು ಕಸ ಉಳಿದೀತು, ಆದರೆ ಬೇಕಾದದ್ದು ಹೋಗದು.

ಪಂಕ್ತಿ ಏಳುವವರೆಗೆ ಕಾಯಬೇಕೇ?

ಮದುವೆ ಮನೆಯಲ್ಲಿ ಒಂದು ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಸಾರಿಸುವವರೆಗೆ ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತಿರಬೇಕು. ಹಳೆಯ ಗುಡಿಸುವ ವಿಧಾನಗಳಲ್ಲೂ ಹೀಗೆಯೇ. ಲೆಕ್ಕಪತ್ರದ ಪ್ರೋಗ್ರಾಮ್ ಅರೆಕ್ಷಣ ನಿಂತರೆ ಚಿಂತೆಯಿಲ್ಲ; ಓಡುವ ವಾಹನದ ಬ್ರೇಕನ್ನು ನಿಯಂತ್ರಿಸುವ ಪ್ರೋಗ್ರಾಮ್ ನಿಂತರೆ?

ಇದಕ್ಕೆ ಎರಡು ಪರಿಹಾರಗಳು ಬಂದವು. ನೆದರ್ಲೆಂಡ್ಸಿನ ಡೈಕ್‌ಸ್ಟ್ರಾ, ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಹಾಗೂ ಇತರ ಮೂವರು 1978ರಲ್ಲಿ, ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಗುಡಿಸುವ ವಿಧಾನ ಹೇಳಿದರು. ಇದರಲ್ಲಿ ಮೂರು ಬಣ್ಣಗಳಿವೆ. ಇನ್ನೂ ನೋಡದ್ದು ಬಿಳಿ; ನೋಡಿದರೂ ಅದರ ಬಾಣಗಳನ್ನು ಹಿಂಬಾಲಿಸದ್ದು ಬೂದು; ಎಲ್ಲ ಮುಗಿದದ್ದು ಕಪ್ಪು. ಬೂದು ಬಣ್ಣವೇ ಉಳಿಯದಾದಾಗ ಬಿಳಿಯದೆಲ್ಲ ಕಸ. ಆದರೆ ಗುಡಿಸುವವನ ಬೆನ್ನ ಹಿಂದೆ ಪ್ರೋಗ್ರಾಮ್ ಕಪ್ಪು ವಸ್ತುವಿನಿಂದ ಬಿಳಿ ವಸ್ತುವಿಗೆ ಹೊಸ ಬಾಣ ಎಳೆದುಬಿಟ್ಟರೆ ಬೇಕಾದ ವಸ್ತುವೇ ಕಸಕ್ಕೆ ಹೋದೀತು. ಆದ್ದರಿಂದ ವಿಳಾಸ ಬದಲಿಸುವ ಕಡೆಯಲ್ಲೆಲ್ಲ ಕಂಪೈಲರ್ ಇನ್ನೆರಡು ಆಜ್ಞೆ ಸೇರಿಸಿ, ಬದಲಾವಣೆಯ ಸುದ್ದಿ ಗುಡಿಸುವವನಿಗೆ ಮುಟ್ಟುವಂತೆ ಮಾಡುತ್ತದೆ.

ಇನ್ನೊಂದು ಪರಿಹಾರ ಅನುಭವದಿಂದ ಬಂದದ್ದು. ಮನೆಯಲ್ಲಿ ದಿನವೂ ಹುಟ್ಟುವ ಕಾಗದಗಳಲ್ಲಿ ಅಂಗಡಿ ಚೀಟಿ, ಬಸ್ ಟಿಕೆಟ್‌ಗಳೇ ಹೆಚ್ಚು. ಸಂಜೆಗೆ ಅವು ಕಸ. ಪೆಟ್ಟಿಗೆಯಲ್ಲಿರುವ ಜಮೀನಿನ ಪತ್ರ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಮೆಮೊರಿಯಲ್ಲೂ ಬಹುಪಾಲು ವಸ್ತುಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಬೇಡವಾಗುತ್ತವೆ. ಹಾಗಾದರೆ ಮೇಜನ್ನು ಆಗಾಗ್ಗೆ, ಪೆಟ್ಟಿಗೆಯನ್ನು ಅಪರೂಪಕ್ಕೆ ಶೋಧಿಸಿದರೆ ಸಾಕಲ್ಲವೇ? 1984ರಲ್ಲಿ ಡೇವಿಡ್ ಉಂಗರ್ ಪ್ರಕಟಿಸಿದ ವಿಧಾನದ ತಿರುಳು ಇದು. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಹೊರತಂದ ಜಾವಾ ಭಾಷೆ ಮುಂದೆ ಈ ವಿಧಾನವನ್ನು ಮನೆಮಾತಾಗಿಸಿತು.

ಮರಳುಗಾಡಿನಲ್ಲಿ ನಿಂತ ಕಾರು

ಗುಡಿಸುವವನಿದ್ದಾನೆಂದು ನಿಶ್ಚಿಂತರಾಗಬಹುದೇ? 2005ರ ಅಕ್ಟೋಬರ್ 8ರಂದು ಅಮೆರಿಕದ ಮೊಹಾವಿ ಮರಳುಗಾಡಿನಲ್ಲಿ ಚಾಲಕನಿಲ್ಲದ ವಾಹನಗಳ ಸ್ಪರ್ಧೆ ನಡೆಯಿತು. ದಾರಿ 132 ಮೈಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಾಹನವೂ ಕಣದಲ್ಲಿತ್ತು. ಅದರ ಪ್ರೋಗ್ರಾಮ್ ಬರೆದದ್ದು ಕಸ ಗುಡಿಸುವ ಸೌಲಭ್ಯವಿದ್ದ 'ಸಿ ಶಾರ್ಪ್' ಭಾಷೆಯಲ್ಲೇ. ಆದರೂ ಹತ್ತು ಮೈಲಿಯ ಆಸುಪಾಸಿನಲ್ಲೇ ಅದರ ಓಟ ಮುಗಿಯಿತು.

ಆದದ್ದಿಷ್ಟು. ದಾರಿಯಲ್ಲಿ ಕಂಡ ಪ್ರತಿ ಅಡ್ಡಿಯನ್ನೂ ಕಂಪ್ಯೂಟರ್ ಪಟ್ಟಿ ಮಾಡುತ್ತಿತ್ತು. ದಾಟಿದ ಮೇಲೆ ಪಟ್ಟಿಯಿಂದ ತೆಗೆಯುತ್ತಿತ್ತು. ಆದರೆ ವಾಹನ ಚಲಿಸಿದಾಗಲೆಲ್ಲ ಸುದ್ದಿ ಮುಟ್ಟಿಸಬೇಕಾದವರ ಇನ್ನೊಂದು ಪಟ್ಟಿಯಲ್ಲಿ ಆ ಅಡ್ಡಿಗಳ ಹೆಸರು ಹಾಗೆಯೇ ಉಳಿದುಹೋಗಿತ್ತು. ಗುಡಿಸುವವನ ದೃಷ್ಟಿಯಲ್ಲಿ ಅವೆಲ್ಲ ಬಾಗಿಲಿನಿಂದ ತಲುಪಬಹುದಾದ ವಸ್ತುಗಳು, ಆದ್ದರಿಂದ ಕಸವಲ್ಲ. ದಾಟಿಹೋದ ಕಲ್ಲು, ಪೊದೆಗಳನ್ನೆಲ್ಲ ನೆನಪಿಟ್ಟುಕೊಂಡೇ ಯಂತ್ರ ಬಳಲಿತು. ಯಾವುದು ತಲುಪಲಾಗದ್ದು ಎಂಬುದನ್ನು ಯಂತ್ರ ಹೇಳಬಲ್ಲದು. ಯಾವುದು ಬೇಡವಾದದ್ದು ಎಂಬುದನ್ನು ಹೇಳಬೇಕಾದವನು ಮನುಷ್ಯನೇ.

ಹೊಸ ತಲೆಮಾರಿನ ಭಾಷೆಗಳು ಈ ಹೊಣೆಯನ್ನು ಬೇರೆ ರೀತಿ ಹಂಚಿವೆ. ಆಪಲ್ ಸಂಸ್ಥೆಯ 'ಸ್ವಿಫ್ಟ್' (2014) ಭಾಷೆಯಲ್ಲಿ ಕೂಡಿಸುವ, ಕಳೆಯುವ ಎಣಿಕೆಯ ಆಜ್ಞೆಗಳನ್ನು ಕಂಪೈಲರೇ ಸೇರಿಸುತ್ತದೆ. 2015ರ ಮೇ ತಿಂಗಳಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ 'ರಸ್ಟ್' ಇನ್ನೂ ಕಟ್ಟುನಿಟ್ಟು. ಅಲ್ಲಿ ಪ್ರತಿ ವಸ್ತುವಿಗೂ ಸಾಮಾನ್ಯವಾಗಿ ಒಬ್ಬನೇ ಯಜಮಾನ. ಯಜಮಾನನ ಕೆಲಸ ಮುಗಿದೊಡನೆ ವಸ್ತುವಿನ ಜಾಗ ತೆರವಾಗುತ್ತದೆ. ಬೇರೆಯವರು ಎರವಲು ಪಡೆಯಬಹುದು, ಆದರೆ ಯಜಮಾನನಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಈ ನಿಯಮ ಮುರಿದರೆ ಕಂಪೈಲರ್ ಅನುವಾದಿಸಲೇ ಒಪ್ಪದು.

ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯುತ್ತಿರುವ ಮನೆಗಳಲ್ಲಿ ತಂದೆತಾಯಿಗಳು ಕಂಪ್ಯೂಟರ್ ಬಾರದಿದ್ದರೂ ಕೇಳಬಹುದಾದ ಪ್ರಶ್ನೆಯೊಂದಿದೆ: "ಈ ಜಾಗ ಪಡೆದವರು ಯಾರು? ಕೆಲಸ ಮುಗಿದ ಮೇಲೆ ಹಿಂದಿರುಗಿಸುವವರು ಯಾರು?" ಉತ್ತರ 'ನಾನೇ' ಎಂದಿರಬಹುದು, 'ಕಂಪೈಲರ್' ಎಂದಿರಬಹುದು, 'ಗುಡಿಸುವವನು' ಎಂದೂ ಇರಬಹುದು. 'ಗೊತ್ತಿಲ್ಲ' ಎಂದಿರಬಾರದು. ಲಂಡನ್ನಿನ ಆ ರಾತ್ರಿ ಯಂತ್ರವನ್ನು ನಿಲ್ಲಿಸಿದ್ದು ಯಾವುದೇ ದೊಡ್ಡ ತಪ್ಪಲ್ಲ. ಈ ಪ್ರಶ್ನೆಯನ್ನು ಯಾರೂ ಕೇಳದೆ ಉಳಿದ ಒಂದು ಸಣ್ಣ ತುಣುಕು.